ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್? ದುಡ್ಡು ಕೊಟ್ಟೇ ತರಬೇಕಾ?

ಪ್ರಶ್ನೆ: ನಾವು ಕಾಸರಗೋಡಿನ ಪೆರ್ಲದಿಂದ ಸ್ವಲ್ಪ ಒಳಗೆ ಇರುವವರು. ಅಡಿಕೆ ತೋಟ ಇದೆ. ನಾನು ಮನೆಯಲ್ಲೇ ಮದುವೆ, ಗೃಹಪ್ರವೇಶ, ಜಾತ್ರೆಯ ಆಮಂತ್ರಣಗಳನ್ನು ಕನ್ನಡದಲ್ಲಿ ಟೈಪ್ ಮಾಡಿ, ಡಿಸೈನ್ ಮಾಡಿ ಬದಿಯಡ್ಕದ ಪ್ರೆಸ್ಸಿಗೆ ಪೆನ್‌ಡ್ರೈವಿನಲ್ಲಿ ಕಳಿಸುತ್ತೇನೆ. ಕಂಪ್ಯೂಟರ್ 2017ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಜೋಡಿಸಿದ್ದು. ಐ3 ಏಳನೇ ಜನರೇಶನ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಮೂರು ವರ್ಷಕ್ಕೆಂದು ತಂದಿದ್ದ ಆಂಟಿವೈರಸ್ಸಿನ ಅವಧಿ ಮುಗಿದು ಒಂದೂವರೆ ವರ್ಷವಾಯಿತು. ಈಗ ಪರದೆಯ ಮೂಲೆಯಲ್ಲಿ ದಿನಕ್ಕೆ ಹತ್ತು ಸಲ "ನಿಮ್ಮಲ್ಲಿ 5 ವೈರಸ್ ಇವೆ, ಕೂಡಲೇ ರಿನ್ಯೂ ಮಾಡಿ" ಅಂತ ಬರುತ್ತದೆ. ಪ್ರೆಸ್ಸಿಗೆ ಹೋಗಿ ಬಂದ ಪೆನ್‌ಡ್ರೈವಿನಲ್ಲಿ ಫೈಲುಗಳೆಲ್ಲ ಶಾರ್ಟ್‌ಕಟ್ ಆಗಿರುತ್ತವೆ. ಅಂಗಡಿಯವರು "ಟೋಟಲ್ ಸೆಕ್ಯುರಿಟಿಯೇ ಹಾಕಿ" ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ತಮ್ಮ "ವಿಂಡೋಸಿನದ್ದೇ ಸಾಕು, ಸುಮ್ನೆ ದುಡ್ಡು ಹಾಳು" ಅನ್ನುತ್ತಾನೆ. ಒಂಬತ್ತನೇ ಕ್ಲಾಸಿನ ಮಗಳು "ಶಾಲೆಯ ಹಾಗೆ ಉಬುಂಟು ಹಾಕಮ್ಮಾ, ಅದಕ್ಕೆ ವೈರಸ್ಸೇ ಬರುವುದಿಲ್ಲ" ಅನ್ನುತ್ತಾಳೆ. ಡಿಸೈನ್ ಸಾಫ್ಟ್‌ವೇರ್ ಪ್ರೆಸ್ಸಿನ ಹುಡುಗ ಹಾಕಿಕೊಟ್ಟದ್ದು. ಹಾಕುವಾಗ ಸ್ವಲ್ಪ ಹೊತ್ತು ಆಂಟಿವೈರಸ್ ಆಫ್ ಮಾಡಬೇಕು ಎಂದಿದ್ದ. ಬ್ಯಾಂಕಿನ ಕೆಲಸವೂ ಇದರಲ್ಲೇ. ಈಗಲೇ ಕಂಪ್ಯೂಟರ್ ನಿಧಾನ, ಇನ್ನೊಂದು ಆಂಟಿವೈರಸ್ ಹಾಕಿದರೆ ಏನಾಗುತ್ತದೋ ಅಂತ ಹೆದರಿಕೆ. ಯಾವುದು ತರಲಿ?

ಉತ್ತರ:

ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಯಾವ ಆಂಟಿವೈರಸ್ ಅಂತ. ಆದರೆ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕೊನೆಯ ಹತ್ತಿರದ ಒಂದು ಸಾಲಿನಲ್ಲಿ: "ಹಾಕುವಾಗ ಸ್ವಲ್ಪ ಹೊತ್ತು ಆಂಟಿವೈರಸ್ ಆಫ್ ಮಾಡಬೇಕು ಎಂದಿದ್ದ." ಅದಕ್ಕೆ ಬರುತ್ತೇನೆ. ಮೊದಲು ನಿಮಗೆ ದಿನಕ್ಕೆ ಹತ್ತು ಸಲ ಹೆದರಿಕೆ ಹುಟ್ಟಿಸುವ ಆ ಮೂಲೆಯ ಸಂದೇಶವನ್ನು ಮುಗಿಸಿಬಿಡೋಣ.

ಅದು ನಿಮ್ಮ ಆಂಟಿವೈರಸ್ ಕೊಡುವ ಎಚ್ಚರಿಕೆ ಆಗಿರಲಾರದು. ಹೆಚ್ಚಾಗಿ ಅದು ಬ್ರೌಸರಿನ ನೋಟಿಫಿಕೇಶನ್. ಯಾವುದೋ ಒಂದು ದಿನ ಫಾಂಟೋ, ದೇವರ ಚಿತ್ರವೋ ಹುಡುಕುತ್ತಾ ಒಂದು ಸೈಟಿಗೆ ಹೋಗಿರುತ್ತೀರಿ. "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೌ ಒತ್ತಿ" ಅಂತ ಬಂದಿರುತ್ತದೆ, ಒತ್ತಿರುತ್ತೀರಿ. ಅಲ್ಲಿಂದ ಆ ಸೈಟಿಗೆ ನಿಮ್ಮ ಪರದೆಯ ಮೂಲೆಯಲ್ಲಿ ಏನು ಬೇಕಾದರೂ ಬರೆಯುವ ಅನುಮತಿ ಸಿಕ್ಕಿತು. ಐದು ವೈರಸ್ ಅಂತ ಬರೆಯುತ್ತಾರೆ, ನಾಳೆ ಐವತ್ತು ಅಂತಲೂ ಬರೆಯಬಹುದು. ಅವರು ನಿಮ್ಮ ಕಂಪ್ಯೂಟರನ್ನು ನೋಡಿಯೇ ಇಲ್ಲ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಆಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆಯಿರಿ. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಕಾಣುತ್ತದೆ. ಗುರುತಿಲ್ಲದ ಹೆಸರುಗಳನ್ನೆಲ್ಲ ತೆಗೆದುಹಾಕಿ. ನನ್ನ ಅಂಗಡಿಗೆ "ವೈರಸ್ ಬಂದಿದೆ" ಅಂತ ಬರುವ ಕಂಪ್ಯೂಟರುಗಳಲ್ಲಿ ಎಷ್ಟೋ ಇಷ್ಟರಲ್ಲೇ ಸರಿಯಾಗಿ ವಾಪಸ್ ಹೋಗುತ್ತವೆ. ಇದಕ್ಕೆ ಬಿಲ್ ಮಾಡಲು ನನಗೇ ನಾಚಿಕೆ ಆಗುತ್ತದೆ.

ಆ ಸಂದೇಶದ ಮೇಲೆ ಒತ್ತಿ ಕಾರ್ಡ್ ನಂಬರ್ ಕೊಟ್ಟಿಲ್ಲ ತಾನೇ? ಕೊಟ್ಟಿದ್ದರೆ ಈ ಉತ್ತರ ಓದುವುದನ್ನು ಇಲ್ಲೇ ನಿಲ್ಲಿಸಿ ಬ್ಯಾಂಕಿಗೆ ಫೋನ್ ಮಾಡಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಮಾಡಿ. ಇದರದ್ದೇ ಇನ್ನೊಂದು ರೂಪ ಇದೆ. ಪರದೆ ತುಂಬ ಕೆಂಪು, ಜೋರಾಗಿ ಬೀಪ್ ಸದ್ದು, "ಮೈಕ್ರೋಸಾಫ್ಟ್‌ಗೆ ಈ ನಂಬರಿನಲ್ಲಿ ಕರೆ ಮಾಡಿ" ಅಂತ. ಮೈಕ್ರೋಸಾಫ್ಟಿನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಕಂಡಿತೆಂದರೆ ಸುಳ್ಳು ಎಂದೇ ಲೆಕ್ಕ. ಕರೆ ಮಾಡಿದವರಿಗೆ ಆಚೆ ಕಡೆಯವರು ಎನಿಡೆಸ್ಕ್‌ನಂಥದ್ದನ್ನು ಹಾಕಿಸಿ, ಕಂಪ್ಯೂಟರನ್ನೇ ಕೈಗೆ ತೆಗೆದುಕೊಳ್ಳುತ್ತಾರೆ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಬ್ರೌಸರ್ ಮುಚ್ಚಿ. ಮುಚ್ಚದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ, ಏನೂ ಹಾಳಾಗುವುದಿಲ್ಲ.

ಈಗ ಅಂಗಡಿಯವರು ಸರಿಯೋ ತಮ್ಮ ಸರಿಯೋ ನೋಡೋಣ.

ಅಂಗಡಿಯವರನ್ನು ಬೈಯಲು ನನಗೆ ಮನಸ್ಸಿಲ್ಲ, ನಾನೂ ಅದೇ ಜಾತಿ. ಕುಂಬಳೆಯಲ್ಲಿ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ, ಆಂಟಿವೈರಸ್ ಬಾಕ್ಸುಗಳನ್ನು ಸಾಲಾಗಿ ಜೋಡಿಸಿಟ್ಟು ಮಾರಿದ್ದೇನೆ. ಒಂದು ಬಾಕ್ಸ್ ಹೋದರೆ ನಮಗೆ ಸ್ವಲ್ಪ ಉಳಿಯುತ್ತದೆ. ರಿಪೇರಿ ಚಾರ್ಜಿಗೆ ಚೌಕಾಸಿ ಮಾಡುವವರೂ ಬಾಕ್ಸಿನ ಬೆಲೆಗೆ ಮಾಡುವುದಿಲ್ಲ. ಒಂದು ಕಾಲದಲ್ಲಿ ಆ ಸಲಹೆ ಸರಿಯೂ ಆಗಿತ್ತು. ವಿಂಡೋಸ್ 7ರ ದಿನಗಳಲ್ಲಿ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಶಿಯಲ್ಸ್ ಅಂತ ಬಿಟ್ಟಿ ಕೊಡುತ್ತಿತ್ತು. ಅದು ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿತ್ತು. 2012ರಲ್ಲಿ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ಅದಕ್ಕೆ ಸರ್ಟಿಫಿಕೇಟ್ ಕೊಡಲೇ ಇಲ್ಲ. ನಮ್ಮ ತಲೆಮಾರಿನ ಅಂಗಡಿಯವರ ತಲೆಯಲ್ಲಿ ಕೂತದ್ದು ಆ ಕಾಲದ ಮಾತು.

ಆಮೇಲೆ ಕಥೆ ಬದಲಾಯಿತು. ವಿಂಡೋಸ್ 10 ಮತ್ತು 11ರಲ್ಲಿ ಒಳಗೇ ಬರುವ ಡಿಫೆಂಡರ್ ಈಗ ಹಲವು ವರ್ಷಗಳಿಂದ ಅದೇ ಎವಿ-ಟೆಸ್ಟ್‌ನಲ್ಲಿ ಪೂರ್ತಿ ಅಂಕ ಅಥವಾ ಅದರ ಹತ್ತಿರ ತೆಗೆದುಕೊಳ್ಳುತ್ತಿದೆ. ಅಲ್ಲಿ ರಕ್ಷಣೆಗೆ ಆರು, ವೇಗಕ್ಕೆ ಆರು, ಬಳಕೆಗೆ ಆರು, ಒಟ್ಟು ಹದಿನೆಂಟು ಅಂಕ. ದುಡ್ಡಿನ ಆಂಟಿವೈರಸ್ಸುಗಳೂ ಅಲ್ಲೇ ಆಸುಪಾಸಿನಲ್ಲಿ ಇರುತ್ತವೆ. ಹಾಗಾಗಿ ಬರೀ ವೈರಸ್ ಹಿಡಿಯುವ ವಿಷಯದಲ್ಲಿ ನಿಮ್ಮ ತಮ್ಮ ಹೇಳಿದ್ದು ಸರಿ.

ಪೂರ್ತಿ ಸರಿ ಅಂತ ಹೇಳಲಾರೆ. ಡಿಫೆಂಡರಿಗೆ ಒಂದು ದೌರ್ಬಲ್ಯ ಇದೆ, ಬೆಂಗಳೂರಿನಲ್ಲಿ ಕೂತವರಿಗೆ ಅದು ಗೊತ್ತಾಗುವುದಿಲ್ಲ. ಅನುಮಾನದ ಫೈಲ್ ಕಂಡರೆ ಅದು ಇಂಟರ್ನೆಟ್ ಮೂಲಕ ಮೈಕ್ರೋಸಾಫ್ಟಿನ ಸರ್ವರನ್ನು ಕೇಳುತ್ತದೆ. ನೆಟ್ ಇಲ್ಲದಿದ್ದರೆ ಅದರ ಹಿಡಿಯುವ ಶಕ್ತಿ ಇಳಿಯುತ್ತದೆ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆ ನೆಟ್ ತೆಗೆದು ಪರೀಕ್ಷೆ ಮಾಡಿದಾಗ ಬೇರೆ ಹಲವು ಕಂಪನಿಗಳಿಗಿಂತ ಡಿಫೆಂಡರ್ ಹಿಂದೆ ಇದ್ದದ್ದು ಕಂಡಿದೆ. ನಿಮ್ಮಲ್ಲಿ ಮಳೆಗಾಲದಲ್ಲಿ ಎರಡು ದಿನ ನೆಟ್ ಇಲ್ಲದಿರುವುದು, ಅದೇ ಹೊತ್ತಿಗೆ ಪ್ರೆಸ್ಸಿನಿಂದ ಪೆನ್‌ಡ್ರೈವ್ ಬರುವುದು ಹೊಸ ಸಂಗತಿಯೇನಲ್ಲ, ಅಲ್ವಾ? ಪೆನ್‌ಡ್ರೈವಿನ ಓಡಾಟ ಜಾಸ್ತಿ, ನೆಟ್ ಕಮ್ಮಿ ಇರುವ ಮನೆಗೆ ದುಡ್ಡಿನ ಆಂಟಿವೈರಸ್ಸಿಗೆ ಒಂದು ಅರ್ಥ ಇದೆ. ನಾನು ಒಪ್ಪುವ ಗಟ್ಟಿ ಕಾರಣ ಇದೊಂದೇ. ಬಾಕ್ಸಿನ ಮೇಲೆ ಬರೆದ "ಸೇಫ್ ಬ್ಯಾಂಕಿಂಗ್", "ಪಿಸಿ ಟ್ಯೂನರ್", ವಿಪಿಎನ್ ಇವೆಲ್ಲ ಅಲಂಕಾರ. ಬ್ಯಾಂಕಿನ ದುಡ್ಡು ಹೋಗುವುದು ಹೆಚ್ಚಾಗಿ ನಾವೇ ಫೋನಿನಲ್ಲಿ ಒಟಿಪಿ ಹೇಳಿದಾಗ. ಅದನ್ನು ಯಾವ ಬಾಕ್ಸೂ ತಡೆಯುವುದಿಲ್ಲ.

ದುಡ್ಡು ಕೊಡುವುದೇ ಆದರೆ ನಮ್ಮ ದೇಶದ್ದೇ ಇವೆ. ಪುಣೆಯ ಕ್ವಿಕ್ ಹೀಲ್ ಇದೆ. ಅದು ಶುರುವಾದದ್ದೇ ನನ್ನಂಥ ಒಬ್ಬರ ರಿಪೇರಿ ಅಂಗಡಿಯಿಂದ. ಚೆನ್ನೈಯ ಕೆ7 ಇದೆ, ಅದು 1991ರಿಂದ ಇದ್ದು ಹಳೆಯ ಕಂಪ್ಯೂಟರುಗಳಲ್ಲಿ ಹಗುರವಾಗಿ ಓಡುತ್ತದೆ. ವಿದೇಶದ್ದರಲ್ಲಿ ಬಿಟ್‌ಡಿಫೆಂಡರ್, ಇಸೆಟ್ ಚೆನ್ನಾಗಿವೆ. ಕ್ಯಾಸ್ಪರ್‌ಸ್ಕಿಯನ್ನು ಅಮೆರಿಕ 2024ರಲ್ಲಿ ತನ್ನ ದೇಶದಲ್ಲಿ ಮಾರದಂತೆ ತಡೆದಿದೆ. ಅದು ರಷ್ಯಾ ಜೊತೆಗಿನ ಅವರ ತಕರಾರು, ವೈರಸ್ ಹಿಡಿಯುವುದರಲ್ಲಿ ಆ ಆಂಟಿವೈರಸ್ ಕಡಿಮೆಯದ್ದಲ್ಲ. ಯಾವುದನ್ನೇ ತಂದರೂ ಅತಿ ಕಡಿಮೆ ಬೆಲೆಯದ್ದನ್ನೇ ತನ್ನಿ. "ಟೋಟಲ್" ಬೇಡ, ಬರೀ "ಆಂಟಿವೈರಸ್" ಅಂತ ಇರುವುದು ಸಾಕು. ವೈರಸ್ ಹಿಡಿಯುವ ಎಂಜಿನ್ ಎರಡರಲ್ಲೂ ಒಂದೇ. ಕಾರ್ಡ್ ಕೊಟ್ಟು ಆನ್‌ಲೈನ್ ತೆಗೆದುಕೊಂಡರೆ ಆಟೋ ರಿನ್ಯೂವಲ್ ಗುರುತು ತೆಗೆಯಿರಿ. ಮೊದಲ ವರ್ಷ ಅರ್ಧ ಬೆಲೆ ತೋರಿಸಿ ಎರಡನೇ ವರ್ಷ ಪೂರ್ತಿ ಎಳೆದುಕೊಳ್ಳುವುದು ಈ ವ್ಯಾಪಾರದ ಹಳೆಯ ಕ್ರಮ. 15,000 ರೂಪಾಯಿವರೆಗಿನ ಇಂಥ ಕಂತಿಗೆ ಪ್ರತಿ ಸಲ ಒಟಿಪಿ ಕೇಳಬೇಕಾಗಿಲ್ಲ. ಹಿಂದಿನ ದಿನ ಬ್ಯಾಂಕಿನಿಂದ ಒಂದು ಮೆಸೇಜ್ ಬರುತ್ತದೆ ಅಷ್ಟೇ. ಅದನ್ನು ಯಾರು ಓದುತ್ತಾರೆ?

ಬಿಟ್ಟಿ ಆಂಟಿವೈರಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಅವಾಸ್ಟ್ ತನ್ನ ಬಳಕೆದಾರರು ಯಾವ ಯಾವ ಸೈಟಿಗೆ ಹೋಗುತ್ತಾರೆ ಅನ್ನುವುದನ್ನು ಜಂಪ್‌ಶಾಟ್ ಎಂಬ ತನ್ನದೇ ಕಂಪನಿಯ ಮೂಲಕ ಮಾರಿತ್ತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅದಕ್ಕೆ 1.65 ಕೋಟಿ ಡಾಲರ್ ಕಕ್ಕಿಸಿತು. ಡಿಫೆಂಡರ್ ಹೇಗೂ ಒಳಗೇ ಇರುವಾಗ ಇನ್ನೊಂದು ಬಿಟ್ಟಿಯದ್ದನ್ನು ತಂದು ಹಾಕಿಕೊಳ್ಳುವುದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ.

ಎರಡು ಆಂಟಿವೈರಸ್ ಒಟ್ಟಿಗೆ ಬೇಡ. ಒಂದು ಫೈಲ್ ತೆರೆದರೆ ಇಬ್ಬರೂ ಅದನ್ನು ಹಿಡಿದುಕೊಂಡು ಪರೀಕ್ಷೆ ಮಾಡುತ್ತಾರೆ. 4 ಜಿಬಿ ರ‍್ಯಾಮಿನಲ್ಲಿ ಹಾಗಾದರೆ ಕಂಪ್ಯೂಟರ್ ಎದ್ದು ನಿಲ್ಲುವುದರೊಳಗೆ ನೀವು ಚಹಾ ಕುಡಿದು ಬರಬಹುದು.

ನಿಮ್ಮ ಸದ್ಯದ ತೊಂದರೆ ಇನ್ನೂ ವಿಚಿತ್ರದ್ದು. ಬೇರೆ ಆಂಟಿವೈರಸ್ ಹಾಕಿದ ಕೂಡಲೇ ಡಿಫೆಂಡರ್ ತಾನಾಗಿ ಬದಿಗೆ ಸರಿಯುತ್ತದೆ. ನಿಮ್ಮ ಆಂಟಿವೈರಸ್ಸಿನ ಅವಧಿ ಮುಗಿದು ಒಂದೂವರೆ ವರ್ಷವಾಗಿದೆ, ಆದರೆ ಅದು ಇನ್ನೂ ಕುರ್ಚಿ ಬಿಟ್ಟಿಲ್ಲ. ಕೆಲವು ಸಲ ಅವಧಿ ಮುಗಿದದ್ದು ವಿಂಡೋಸಿಗೆ ಗೊತ್ತಾಗಿ ಡಿಫೆಂಡರ್ ಮತ್ತೆ ಏಳುತ್ತದೆ, ಕೆಲವು ಸಲ ಏಳುವುದಿಲ್ಲ. ಏಳದಿದ್ದರೆ ಕಾಯುವವರು ಯಾರೂ ಇಲ್ಲ. ಹಳೆಯದು ಹೊಸ ವೈರಸ್ಸನ್ನು ಗುರುತಿಸುವುದಿಲ್ಲ, ಹೊಸದಕ್ಕೆ ಜಾಗ ಬಿಡುವುದಿಲ್ಲ. ಈಗಲೇ ವಿಂಡೋಸ್ ಸೆಕ್ಯುರಿಟಿ ತೆರೆದು "ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್" ನೋಡಿ, ಅಲ್ಲಿ ಯಾರ ಹೆಸರು ಇದೆ ಅಂತ. ಹಳೆಯದರ ಹೆಸರೇ ಇದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ. ಸುಲಭದಲ್ಲಿ ಹೋಗದಿದ್ದರೆ ಆಯಾ ಕಂಪನಿಯೇ ಅದಕ್ಕೆಂದು ಬೇರೆ ರಿಮೂವಲ್ ಟೂಲ್ ಕೊಡುತ್ತದೆ. ಒಮ್ಮೆ ರೀಸ್ಟಾರ್ಟ್ ಮಾಡಿದರೆ ಡಿಫೆಂಡರ್ ಎದ್ದಿರಬೇಕು.

ಎದ್ದ ಮೇಲೆ ಅಲ್ಲೇ ಒಂದು ಜಾಗ ನೋಡಬೇಕು. ಇಲ್ಲಿಂದ ಪ್ರೆಸ್ಸಿನ ಹುಡುಗನ ಕಥೆ.

ಕೆಲವು ವರ್ಷಗಳ ಹಿಂದೆ ಒಬ್ಬ ಸ್ಟುಡಿಯೋದವರು ಸಿಪಿಯು ಹೊತ್ತುಕೊಂಡು ನನ್ನಲ್ಲಿಗೆ ಬಂದಿದ್ದರು. ಮೂರು ಮದುವೆಗಳ ಫೋಟೋ ಒಂದೂ ತೆರೆಯುತ್ತಿರಲಿಲ್ಲ. ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರಗಳ ಬಾಲ. ಪ್ರತಿ ಫೋಲ್ಡರಿನಲ್ಲಿ ಒಂದು ಚೀಟಿ: ಕೀಲಿ ಬೇಕಾದರೆ 980 ಡಾಲರ್, 72 ಗಂಟೆಯೊಳಗೆ ಕೊಟ್ಟರೆ ಅರ್ಧ, 490. ಸೀರೆ ಅಂಗಡಿಯ ಆಫರಿನ ಹಾಗೆ! ಇದು ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ, ಸ್ಟಾಪ್ ಅಥವಾ ಡಿಜೆವಿಯು ಎಂಬ ರ‍್ಯಾನ್ಸಮ್‌ವೇರ್ ಜಾತಿಯದ್ದು. ಈ ಜಾತಿ ದೊಡ್ಡ ಕಂಪನಿಗಳ ಬೆನ್ನು ಹತ್ತುವುದಿಲ್ಲ, ಹಿಡಿಯುವುದು ಮನೆ, ಸ್ಟುಡಿಯೋ, ಸಣ್ಣ ಅಂಗಡಿಗಳನ್ನೇ. ಒಳಗೆ ಬರುವ ದಾರಿ ಹೆಚ್ಚಾಗಿ ಒಂದೇ, ದುಡ್ಡು ಕೊಡದೆ ಬಳಸಲು ಬೀಗ ಒಡೆದ, ಅಂದರೆ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್.

"ನಿಮ್ಮಲ್ಲಿ ಆಂಟಿವೈರಸ್ ಇರಲಿಲ್ವಾ?" ಅಂತ ಕೇಳಿದೆ. ಇತ್ತು, ಡಿಫೆಂಡರ್ ಆನ್ ಆಗಿಯೇ ಇತ್ತು, ಹಸಿರು ಗುರುತು ಕಾಣುತ್ತಿತ್ತು. ಒಳಗೆ ಹೋಗಿ "ಎಕ್ಸ್‌ಕ್ಲೂಷನ್ಸ್" ಎಂಬ ಪಟ್ಟಿ ತೆರೆದೆ. ಯಾವುದನ್ನು ಪರೀಕ್ಷೆ ಮಾಡಬಾರದು ಅಂತ ಬರೆದಿಡುವ ಜಾಗ ಅದು. ಅಲ್ಲಿ ಒಂದೇ ಸಾಲು ಇತ್ತು: ಸಿ ಡ್ರೈವ್, ಪೂರ್ತಿ. ಕ್ರ್ಯಾಕ್ ಹಾಕುವ ಪ್ರೋಗ್ರಾಂ ಅದನ್ನು ತಾನೇ ಬರೆದಿಟ್ಟು ಹೋಗಿತ್ತು. ಕಾವಲುಗಾರ ಗೇಟಿನಲ್ಲಿ ಕೂತೇ ಇದ್ದ, ಮನೆಯ ಕಡೆ ತಿರುಗಿ ನೋಡಬೇಡ ಅಂತ ಅವನಿಗೆ ಹೇಳಿ ಆಗಿತ್ತು. ಆ ಮೂರು ಮದುವೆಗಳಲ್ಲಿ ಒಂದರ ಫೋಟೋ ಮಾತ್ರ ಕ್ಯಾಮೆರಾದ ಕಾರ್ಡಿನಲ್ಲಿ ಉಳಿದಿತ್ತು.

ಹಾಗಾಗಿ ಅಕ್ಕಾ, ನೀವು ಟೋಟಲ್ ಸೆಕ್ಯುರಿಟಿಯೇ ತಂದರೂ "ಸ್ವಲ್ಪ ಹೊತ್ತು ಆಫ್ ಮಾಡಿ" ಅನ್ನುವ ಒಂದು ಮಾತಿಗೆ ಅದು ಆಫ್ ಆಗುತ್ತದೆ. ಯಾವ ಬ್ರ್ಯಾಂಡ್ ಅನ್ನುವುದಕ್ಕಿಂತ ಅದಕ್ಕೆ ಯಾವಾಗ ಕಣ್ಣು ಮುಚ್ಚಲು ಹೇಳಿದಿರಿ ಅನ್ನುವುದು ಮುಖ್ಯ. ಆಂಟಿವೈರಸ್ ಆಫ್ ಮಾಡಿಸಿ ಹಾಕಿದ ನಿಮ್ಮ ಡಿಸೈನ್ ಸಾಫ್ಟ್‌ವೇರೂ ಕ್ರ್ಯಾಕ್ ಮಾಡಿದ್ದೇ ಇರಬೇಕು. ಹುಡುಗ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ಅವನಿಗೂ ಯಾರೋ ಹಾಗೆಯೇ ಹೇಳಿಕೊಟ್ಟಿರುತ್ತಾರೆ. "ಕ್ರ್ಯಾಕನ್ನು ಆಂಟಿವೈರಸ್ ಸುಳ್ಳೇ ವೈರಸ್ ಅನ್ನುತ್ತದೆ" ಅಂತ ಈ ವೃತ್ತಿಯಲ್ಲಿ ಎಲ್ಲರೂ ನಂಬಿದ್ದಾರೆ. ಕೆಲವು ಸಲ ಅದು ನಿಜವೂ ಹೌದು. ತಪ್ಪು ಅನುಮಾನ ಆಂಟಿವೈರಸ್ಸಿಗೆ ಬರುತ್ತದೆ. ಕೀಬೋರ್ಡಿನ ಒತ್ತುಗಳನ್ನು ಹಿಡಿದು ಅಕ್ಷರ ಬದಲಿಸುವ ಹಳೆಯ ಕನ್ನಡ ಟೈಪಿಂಗ್ ಸಾಫ್ಟ್‌ವೇರನ್ನೇ ಅದು ಕಳ್ಳ ಅಂತ ಹಿಡಿದದ್ದನ್ನು ನಾನು ನೋಡಿದ್ದೇನೆ. ಆದರೆ ಅಧಿಕೃತ ಜಾಗದಿಂದ ತಂದ ಟೈಪಿಂಗ್ ಸಾಫ್ಟ್‌ವೇರ್ ಬೇರೆ, ಯಾರೋ ಬೀಗ ಒಡೆದು ಕೊಟ್ಟ ಡಿಸೈನ್ ಸಾಫ್ಟ್‌ವೇರ್ ಬೇರೆ. ಬೀಗ ಒಡೆಯಲು ಬಂದವನು ಒಳಗೆ ಏನು ಇಟ್ಟು ಹೋದ ಅಂತ ನೋಡುವವರು ಯಾರು?

ನೀವು ಈಗ ಮಾಡಬೇಕಾದ್ದು ಇಷ್ಟು. ಎಕ್ಸ್‌ಕ್ಲೂಷನ್ಸ್ ಪಟ್ಟಿ ನೋಡಿ, ನೀವು ಬರೆಯದ್ದು ಏನಿದ್ದರೂ ಅಳಿಸಿ. ಆಮೇಲೆ ಅದೇ ಜಾಗದಲ್ಲಿ ಸ್ಕ್ಯಾನ್ ಆಪ್ಷನ್ಸ್‌ನೊಳಗೆ "ಮೈಕ್ರೋಸಾಫ್ಟ್ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್" ಆರಿಸಿ. ಕಂಪ್ಯೂಟರ್ ತಾನೇ ಮುಚ್ಚಿ ತೆರೆದು, ವಿಂಡೋಸ್ ಏಳುವ ಮೊದಲೇ ಪರೀಕ್ಷೆ ಮಾಡುತ್ತದೆ. ಸುಮಾರು 15 ನಿಮಿಷ ಹಿಡಿಯುತ್ತದೆ, ನಿಮ್ಮ ಕಂಪ್ಯೂಟರಿಗೆ ಸ್ವಲ್ಪ ಜಾಸ್ತಿಯೇ ಬೇಕಾಗಬಹುದು. ಅಡಗಿ ಕೂತ ವೈರಸ್ಸುಗಳು ಆ ಹೊತ್ತಿಗೆ ಎದ್ದಿರುವುದಿಲ್ಲ, ಅದಕ್ಕೇ ಹಾಗೆ. ಇನ್ನೊಂದು ಅಭಿಪ್ರಾಯ ಬೇಕೆನಿಸಿದರೆ ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲಿ ಬಿಟ್ಟಿ ಸ್ವಚ್ಛತಾ ಟೂಲುಗಳು ಸಿಗುತ್ತವೆ. ಏನಾದರೂ ಸಿಕ್ಕಿಬಿದ್ದರೆ ಬ್ಯಾಂಕಿನ ಮತ್ತು ಈಮೇಲಿನ ಪಾಸ್‌ವರ್ಡ್ ಬದಲಿಸಿ. ಬದಲಿಸುವುದು ಈ ಕಂಪ್ಯೂಟರಿನಲ್ಲಲ್ಲ, ಫೋನಿನಲ್ಲಿ. ಬ್ರೌಸರಿನಲ್ಲಿ ಸೇವ್ ಆಗಿರುವ ಪಾಸ್‌ವರ್ಡುಗಳನ್ನು ಕದಿಯುವುದು ಇಂಥ ಕ್ರ್ಯಾಕುಗಳ ಇನ್ನೊಂದು ಕಸುಬು. ನನ್ನನ್ನು ಕೇಳಿದರೆ, ಕೆಲಸದ ಫೈಲುಗಳನ್ನು ತೆಗೆದಿಟ್ಟು ವಿಂಡೋಸನ್ನೇ ಹೊಸದಾಗಿ ಹಾಕಿಸುವುದು ನಿದ್ದೆ ಬರುವ ದಾರಿ.

ಪೆನ್‌ಡ್ರೈವಿನ ಶಾರ್ಟ್‌ಕಟ್ ಬಗ್ಗೆ. ನಿಮ್ಮ ಫೈಲುಗಳು ಶಾರ್ಟ್‌ಕಟ್ "ಆಗಿಲ್ಲ". ಅವು ಅಲ್ಲೇ ಇವೆ, ಅಡಗಿಸಿ ಇಟ್ಟಿದ್ದಾರೆ. ಪ್ರೆಸ್ಸಿನ ಕಂಪ್ಯೂಟರಿನಲ್ಲಿರುವ ವೈರಸ್ ನಿಮ್ಮ ಫೈಲುಗಳನ್ನೆಲ್ಲ ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಹೊರಗಿಡುತ್ತದೆ. ಕೆಲವು ಜಾತಿಯವು ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿಗೆ ತುಂಬುತ್ತವೆ. ಹೆಸರಿನ ಜಾಗದಲ್ಲಿ ಬರೀ ಖಾಲಿ ಇರುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ನೀವು "ಮದುವೆ ಕಾಗದ" ಅಂತ ಕಂಡದ್ದರ ಮೇಲೆ ಎರಡು ಸಲ ಒತ್ತಿದರೆ ನಿಮ್ಮ ಫೋಲ್ಡರ್ ತೆರೆಯುತ್ತದೆ, ಜೊತೆಗೆ ಹಿಂದಿನಿಂದ ವೈರಸ್ಸೂ ಓಡುತ್ತದೆ. ಫೋಲ್ಡರ್ ತೆರೆದುಕೊಂಡದ್ದರಿಂದ ಎಲ್ಲ ಸರಿಯಿದೆ ಅಂತಲೇ ಅನ್ನಿಸುತ್ತದೆ. ಮೋಸ ಇರುವುದು ಅಲ್ಲೇ.

ಶಾರ್ಟ್‌ಕಟ್ ಮೇಲೆ ಒತ್ತಲೇಬೇಡಿ. ಪೆನ್‌ಡ್ರೈವ್ ಹಾಕಿದ ಕೂಡಲೇ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿ. ಆಮೇಲೆ ಮೇಲಿನ ವ್ಯೂ ಎಂಬಲ್ಲಿ "ಹಿಡನ್ ಐಟಮ್ಸ್" ಗುರುತು ಹಾಕಿ. ಆಗಲೂ ಕಾಣದಿದ್ದರೆ ಅದೇ ಸಾಲಿನ ಆಪ್ಷನ್ಸ್ ತೆರೆದು, "ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್" ಎಂಬ ಗುರುತು ತೆಗೆಯಿರಿ. ಮಸುಕಾಗಿ ನಿಮ್ಮ ಫೈಲುಗಳು ಕಾಣುತ್ತವೆ. ಬೇಕಾದ್ದನ್ನು ಕಾಪಿ ಮಾಡಿಕೊಂಡು ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿ, ಆ ಗುರುತನ್ನು ಮತ್ತೆ ಹಾಕಿಬಿಡಿ. ಅಲ್ಲೇ "ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್" ಅಂತ ಇದೆ, ಅದನ್ನು ಮಾತ್ರ ಯಾವತ್ತೂ ಆನ್ ಇಡಿ. ಫೈಲಿನ ಬಾಲ ಕಂಡರೆ ಜಾತಿ ಗೊತ್ತಾಗುತ್ತದೆ. ಆಮಂತ್ರಣ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ ಅಂತ ಇದ್ದರೆ ಅದು ಆಮಂತ್ರಣವೇ ಅಲ್ಲ, ಓಡುವ ಪ್ರೋಗ್ರಾಂ. ವಾಟ್ಸಾಪಿನಲ್ಲಿ ಮದುವೆ ಕಾಗದ ಅಂತ ಬರುವ ಎಪಿಕೆ (ಫೋನಿಗೆ ಆ್ಯಪ್ ಹಾಕುವ) ಫೈಲಿಗೂ ಇದೇ ಮಾತು. ಆಮಂತ್ರಣ ಮಾಡುವವರು ನೀವು, ಅದು ಎಪಿಕೆ ಆಗಿ ಬರುವುದಿಲ್ಲ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರುವವರು ಯಾರು?

ಇನ್ನು ವಿಂಡೋಸ್ 10. ನೀವು ಇದನ್ನು ಸುಮ್ನೆ ವಿವರಕ್ಕೆಂದು ಬರೆದಿರಬಹುದು, ನನಗೆ ಆಂಟಿವೈರಸ್ಸಿಗಿಂತ ಇದರದ್ದೇ ಚಿಂತೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಅಪ್‌ಡೇಟ್ ನಿಲ್ಲಿಸಿದೆ. ಅಪ್‌ಡೇಟ್ ಯಾಕೆ ಬೇಕು ಅಂದರೆ, ನಿಮ್ಮ ಕಂಪ್ಯೂಟರ್ ಮನೆಗೆ ಬಂದ ಅದೇ 2017ರ ಮೇ ತಿಂಗಳನ್ನು ನೆನಪು ಮಾಡಿಕೊಳ್ಳಿ. ವಾನಾಕ್ರೈ ಅಂತ ಒಂದು ವೈರಸ್ ಲೋಕವನ್ನೇ ಅಲ್ಲಾಡಿಸಿತ್ತು. ನಮ್ಮ ಕೇರಳದಲ್ಲಿ ವಯನಾಡಿನ ತರಿಯೋಡ್ ಪಂಚಾಯತ್ ಕಚೇರಿಯ ಕಂಪ್ಯೂಟರುಗಳೂ ಅದರ ಬಾಯಿಗೆ ಬಿದ್ದವು. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ, ಅದು ನೆಟ್‌ವರ್ಕಿನಲ್ಲೇ ಒಂದರಿಂದ ಒಂದಕ್ಕೆ ಹಾರುತ್ತಿತ್ತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚ್ 14ಕ್ಕೆ, ತೇಪೆ ಕೊಟ್ಟಿತ್ತು. ಅಪ್‌ಡೇಟ್ ಆದ ಕಂಪ್ಯೂಟರುಗಳೊಳಗೆ ಆ ದಾರಿಯಲ್ಲಿ ನುಗ್ಗಲು ಅದಕ್ಕೆ ಆಗಲಿಲ್ಲ.

ನಿಮ್ಮದು ಏಳನೇ ಜನರೇಶನ್. ವಿಂಡೋಸ್ 11 ಕೇಳುವುದು ಎಂಟನೆಯದರಿಂದ ಮೇಲೆ. ಯೂಟ್ಯೂಬ್ ನೋಡಿ ಒತ್ತಾಯದಿಂದ ಹಾಕುವವರಿದ್ದಾರೆ. ನಾನು ಹಾಕಿಕೊಡುವುದಿಲ್ಲ, ಮುಂದೆ ಯಾವ ಅಪ್‌ಡೇಟಿಗೆ ನಿಂತುಬಿಡುತ್ತದೋ ಹೇಳಲಾಗದು. ಅದರ ಬದಲು ಮನೆಯ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚಿನ ಭದ್ರತಾ ಅಪ್‌ಡೇಟ್ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಬಿಟ್ಟಿ, ಇಲ್ಲದಿದ್ದರೆ 30 ಡಾಲರ್. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳಬಹುದು. ಡಿಫೆಂಡರಿನ ವೈರಸ್ ಪಟ್ಟಿ ಮಾತ್ರ ವಿಂಡೋಸ್ 10ಕ್ಕೂ 2028ರ ಅಕ್ಟೋಬರ್‌ವರೆಗೆ ಬರುತ್ತದೆ. ಪಟ್ಟಿ ಬಂದರೆ ಸಾಕು ಅಂತ ತಿಳಿಯಬೇಡಿ. ಮಾಡಿನಲ್ಲಿ ಹಂಚು ಒಡೆದಿರುವಾಗ ಕೆಳಗೆ ಪಾತ್ರೆ ಇಟ್ಟರೆ ಎಷ್ಟು ದಿನ?

ಮಗಳ ಮಾತಿಗೆ ಬರೋಣ. ಕೇರಳದ ಶಾಲೆಗಳಲ್ಲಿ ಕೈಟ್ ಎಂಬ ಸರಕಾರಿ ಸಂಸ್ಥೆಯವರ ಉಬುಂಟು ಕಲಿತು ಬೆಳೆದ ಮಕ್ಕಳಿಗೆ ಗಡಿಯಾಚೆಯ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲದ ಒಂದು ವಿಷಯ ಗೊತ್ತಿದೆ: ಕಂಪ್ಯೂಟರ್ ಅಂದರೆ ವಿಂಡೋಸ್ ಮಾತ್ರ ಅಲ್ಲ. ಉಬುಂಟುಗೆ ವೈರಸ್ಸೇ ಬರುವುದಿಲ್ಲ ಅನ್ನುವುದು ಸರಿಯಲ್ಲ, ಬರುತ್ತದೆ. ಆದರೆ ನಿಮ್ಮ ಪೆನ್‌ಡ್ರೈವಿನಲ್ಲಿ ಬರುವ ಜಾತಿಯವು ವಿಂಡೋಸಿಗೆಂದೇ ಬರೆದವು, ಅಲ್ಲಿ ಅವು ಓಡುವುದಿಲ್ಲ. ಹಳೆಯ ಕಂಪ್ಯೂಟರಿಗೆ ಹಗುರ, ಅಪ್‌ಡೇಟಿಗೂ ದುಡ್ಡಿಲ್ಲ. ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಲಾಗುವ, ಕನ್ನಡ ಟೈಪಿಂಗ್ ಒಳಗೇ ಇದೆ. ತೊಡಕು ಇರುವುದು ನಿಮ್ಮ ಕೆಲಸದಲ್ಲಿ. ಪ್ರೆಸ್ಸಿನವರು ಹಳೆಯ ಯುನಿಕೋಡ್ ಅಲ್ಲದ ಫಾಂಟೇ ಬೇಕು ಅಂದರೆ, ನಿಮ್ಮ ಡಿಸೈನ್ ಸಾಫ್ಟ್‌ವೇರ್ ಅಲ್ಲಿ ಓಡದಿದ್ದರೆ, ಕೈ ಕಟ್ಟಿದ ಹಾಗಾಗುತ್ತದೆ. ಆದರೆ ಒಂದು ಕೆಲಸ ಮಾಡಿ. ಕೇರಳದ ಹೈಸ್ಕೂಲಿನ ಐಸಿಟಿ (ಕಂಪ್ಯೂಟರ್) ಪಾಠದಲ್ಲಿ ಇಂಕ್‌ಸ್ಕೇಪ್ ಎಂಬ ಡಿಸೈನ್ ಸಾಫ್ಟ್‌ವೇರ್ ಕಲಿಸುತ್ತಾರೆ. ಅದು ಬಿಟ್ಟಿ, ಕ್ರ್ಯಾಕ್ ಬೇಡ, ವಿಂಡೋಸಿನಲ್ಲೂ ಓಡುತ್ತದೆ. ಮುಂದಿನ ಒಂದು ಸಣ್ಣ ಆಮಂತ್ರಣವನ್ನು ಅವಳ ಹತ್ತಿರ ಕೂತು ಅದರಲ್ಲಿ ಮಾಡಿ ನೋಡಿ. ಒಗ್ಗಿದರೆ ಪ್ರೆಸ್ಸಿನ ಹುಡುಗನ ಸಾಫ್ಟ್‌ವೇರಿಗೆ ನಮಸ್ಕಾರ ಹೇಳಬಹುದು.

ನಿಧಾನದ ಬಗ್ಗೆ: ನಿಮ್ಮದರಲ್ಲಿ ಇನ್ನೂ ತಿರುಗುವ ಹಾರ್ಡ್‌ಡಿಸ್ಕೇ ಇರಬೇಕು. ಟೋಟಲ್ ಸೆಕ್ಯುರಿಟಿಗೆ ಅಂತ ತೆಗೆದಿಟ್ಟ ದುಡ್ಡಿಗೆ ಸ್ವಲ್ಪ ಸೇರಿಸಿ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ. ಆಂಟಿವೈರಸ್ ಇದೆಯೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ತೆಗೆದ ಹಳೆಯ ಡಿಸ್ಕನ್ನು ಎಸೆಯಬೇಡಿ. ಅದಕ್ಕೊಂದು ಯುಎಸ್‌ಬಿ ಕೇಸ್ ಸಿಗುತ್ತದೆ. ಕೆಲಸದ ಫೈಲುಗಳನ್ನು ವಾರಕ್ಕೊಮ್ಮೆ ಅದಕ್ಕೆ ಕಾಪಿ ಮಾಡಿ, ಕೂಡಲೇ ಕಳಚಿ ಕಪಾಟಿನಲ್ಲಿಡಿ. ಕಳಚುವುದು ಮುಖ್ಯ. ಸಿಕ್ಕಿಸಿಯೇ ಇಟ್ಟರೆ ರ‍್ಯಾನ್ಸಮ್‌ವೇರ್ ಅದನ್ನೂ ಸೇರಿಸಿಯೇ ಬೀಗ ಹಾಕುತ್ತದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲಿನ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ನನ್ನಲ್ಲಿಗೆ ಬರುವ ಕಂಪ್ಯೂಟರುಗಳಲ್ಲಿ ವೈರಸ್‌ನಿಂದ ಡೇಟಾ ಹೋದವಕ್ಕಿಂತ ಸಿಡಿಲಿಗೆ ಹೋದವು ಕಮ್ಮಿ ಇಲ್ಲ.

ಒಟ್ಟಿನಲ್ಲಿ ನಿಮಗೆ ಈಗ ನಾನು ಯಾವ ಬಾಕ್ಸೂ ಮಾರುವುದಿಲ್ಲ. ಹಳೆಯದು ತೆಗೆದು ಡಿಫೆಂಡರ್ ಎಬ್ಬಿಸಿ, ಮೂರು ತಿಂಗಳು ನೋಡಿ. ಮಳೆಗಾಲದಲ್ಲಿ ನೆಟ್ ಇಲ್ಲದ ದಿನಗಳೇ ಜಾಸ್ತಿಯಾಗಿ, ಪೆನ್‌ಡ್ರೈವಿನ ಓಡಾಟವೂ ನಿಲ್ಲದಿದ್ದರೆ ಆಗ ಕೆ7 ಅಥವಾ ಕ್ವಿಕ್ ಹೀಲಿನ ಸಾದಾ ಆಂಟಿವೈರಸ್ ಒಂದು ವರ್ಷಕ್ಕೆ ತನ್ನಿ. ಡಿಫೆಂಡರಿನಲ್ಲಿ "ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್" ಅಂತ ರ‍್ಯಾನ್ಸಮ್‌ವೇರಿಗೆ ಒಂದು ತಡೆ ಇದೆ, ಡಿಫೆಂಡರ್ ಎದ್ದಿರುವಷ್ಟು ಕಾಲ ಅದನ್ನೂ ಆನ್ ಇಡಿ. ಮೊದಲ ದಿನ ನಿಮ್ಮ ಡಿಸೈನ್ ಸಾಫ್ಟ್‌ವೇರಿಗೆ ಸೇವ್ ಮಾಡಲು ಬಿಡದೆ ಕಿರಿಕಿರಿ ಮಾಡಬಹುದು. ಅದನ್ನು ಅನುಮತಿಯ ಪಟ್ಟಿಗೆ ಸೇರಿಸಿದರೆ ಆಯಿತು.

ಪ್ರೆಸ್ಸಿನ ಕಂಪ್ಯೂಟರ್ ಸರಿಯಾಗದೆ ನಿಮ್ಮದನ್ನು ಎಷ್ಟು ತೊಳೆದರೂ ಅಷ್ಟೇ. ಸಾಧ್ಯವಾದಷ್ಟು ಪಿಡಿಎಫ್ ಮಾಡಿ, ಫಾಂಟ್ ಅದರೊಳಗೇ ಸೇರಿಸಿ, ಈಮೇಲಿನಲ್ಲಿ ಕಳಿಸಿ. ಪೆನ್‌ಡ್ರೈವೇ ಬೇಕೆಂದರೆ ಪ್ರೆಸ್ಸಿಗೆ ಅಂತಲೇ ಒಂದು ಬೇರೆ ಇಟ್ಟುಕೊಳ್ಳಿ, ಅದರಲ್ಲಿ ಬೇರೇನೂ ಇರಬಾರದು. ಆ ಹುಡುಗನಿಗೆ ಈ ಉತ್ತರ ತೋರಿಸಿ, ಅವರ ಕಂಪ್ಯೂಟರಿಗೂ ಒಮ್ಮೆ ಆಫ್‌ಲೈನ್ ಸ್ಕ್ಯಾನ್ ಮಾಡಲಿ. ಮದುವೆ ಸೀಸನ್ ಶುರುವಾಗುವ ಮೊದಲೇ ಹೇಳಿ, ಆಮೇಲೆ ಅವರಿಗೆ ಪುರುಸೊತ್ತು ಇರುವುದಿಲ್ಲ.